ಸೂಜಿ, ಸ್ನಾನ, ಪೂಜೆ, ಊಟ

ಅವ್ವ ಪೂಜೆಗೆ ಕೂತಾಗ ಮನೆಯಲ್ಲಿ ಯಾರೂ ಅವಳನ್ನು ಮಾತಾಡಿಸಬಾರದು. ಇದು ನಾನು ಹುಟ್ಟುವ ಮೊದಲಿನಿಂದ ಇರುವ ನಿಯಮ. ಎಡ ಅಂಗೈ ಮೇಲೆ ಲಿಂಗ ಇರುವಷ್ಟು ಹೊತ್ತು ಫೋನು ಬಡಿದುಕೊಂಡರೂ, ಹೊನ್ನೂರಿನ ಇಕ್ಕಟ್ಟು ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿಕೊಂಡು ಊರೆಲ್ಲ ಗದ್ದಲವಾದರೂ ಅವಳು ತಲೆ ಎತ್ತುವುದಿಲ್ಲ. ಪೂಜೆ ಮುಗಿಯುವ ತನಕ ಒಂದು ತೊಟ್ಟು ನೀರನ್ನೂ ಗಂಟಲಿಗೆ ಇಳಿಸುವುದಿಲ್ಲ. ನಾನು ಹುಟ್ಟಿದ ಮಾರನೆಯ ದಿನವೂ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತು, ಲಿಂಗಕ್ಕೆ ನೀರು ಹಾಕಿ, ವಿಭೂತಿ ಇಟ್ಟ ಮೇಲೆಯೇ ಕಾಫಿ ಕುಡಿದಳಂತೆ. ಪಕ್ಕದ ಮಂಚದವರು ಕೂಸನ್ನು ಎತ್ತಿಕೊಂಡು ಕಾದಿದ್ದರಂತೆ.

ನಮ್ಮ ಜನರಲ್ಲಿ ಲಿಂಗ ಗುಡಿಯಲ್ಲಿ ಮಾತ್ರ ಇರುವುದಲ್ಲ, ಕೊರಳಲ್ಲಿ ಇರುವುದು. ಬೆಳ್ಳಿಯ ಕರಡಿಗೆಯೊಳಗೆ ಇಟ್ಟು, ದಾರದಲ್ಲಿ ಕಟ್ಟಿ, ಎದೆಯ ಮೇಲೆ ಬಿಟ್ಟುಕೊಳ್ಳುತ್ತೇವೆ. ಪೂಜೆಯ ಹೊತ್ತಿಗೆ ಅದು ಅಂಗೈಗೆ ಬರುತ್ತದೆ, ಮುಗಿದ ಮೇಲೆ ಎದೆಗೆ ಹೋಗುತ್ತದೆ. ಮೈಯಿಂದ ದೂರವಾಗಬಾರದು. ಅಂಗೈಯಿಂದ ಜಾರಿ ನೆಲಕ್ಕೆ ಬಿದ್ದರೆ ಏನಾಗುತ್ತದೆ ಎಂದು ಚಿಕ್ಕವಳಾಗಿದ್ದಾಗ ಒಮ್ಮೆ ಕೇಳಿದ್ದೆ. ಪಕ್ಕದಲ್ಲಿದ್ದ ದೊಡ್ಡವ್ವ, ಅವ್ವನ ಅಕ್ಕ, ಬಿದ್ದ ಮೇಲೆ ಆ ಮನುಷ್ಯ ಇದ್ದರೂ ಇಲ್ಲದ ಹಾಗೆ ಎಂದಳು. ಆ ರಾತ್ರಿ ನಿದ್ದೆ ಬರಲಿಲ್ಲ ಎನ್ನುವುದು ಮಾತ್ರ ನೆನಪಿದೆ.

ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಯಿತು. ಮೊದಲು ಬರೀ ಮಾತ್ರೆ. ಎರಡು ವರ್ಷದ ಹಿಂದೆ ಕಾಲಿನ ಗಾಯವೊಂದು ಮಾಯದೆ ಕಾಡಿದಾಗ ಕೊಳ್ಳೇಗಾಲದ ಡಾಕ್ಟರು ಇನ್ಸುಲಿನ್ ಶುರು ಮಾಡಿದರು. ಬೆಳಿಗ್ಗೆ ಸೂಜಿ, ರಾತ್ರಿ ಮಾತ್ರೆ. ಸೂಜಿ ಹಾಕಿಕೊಂಡ ಅರ್ಧ ಗಂಟೆಯೊಳಗೆ ಊಟ ಆಗಲೇಬೇಕು ಎಂದು ಎರಡು ಸಲ ಹೇಳಿದರು. ಅವ್ವ ಎರಡು ಸಲವೂ ತಲೆ ಆಡಿಸಿದಳು.

ಮನೆಗೆ ಬಂದು ಅವಳು ತನ್ನ ಬೆಳಗಿನ ಕೆಲಸಗಳ ನಡುವೆ ಈ ಸೂಜಿಗೆ ಜಾಗ ಹುಡುಕಿದಳು. ಪೂಜೆಗೆ ಮೊದಲು ಊಟವಿಲ್ಲ. ಹಾಗಾದರೆ ಮೊದಲು ಪೂಜೆ, ಆಮೇಲೆ ಸೂಜಿ, ಆಮೇಲೆ ಊಟ ಎಂದು ಯಾರಿಗಾದರೂ ತೋಚುತ್ತದೆ. ಅವ್ವನಿಗೆ ತೋಚಿದ್ದು ಬೇರೆ. ಸೂಜಿ ಚುಚ್ಚಿದ ಕಡೆ ಒಂದು ಹನಿ ರಕ್ತ ಬರುತ್ತದೆ. ಪೂಜೆ ಮಾಡಿ, ತೀರ್ಥ ತೆಗೆದುಕೊಂಡು, ವಿಭೂತಿ ಹಚ್ಚಿಕೊಂಡ ಮೈಗೆ ರಕ್ತ ಸೋಕಿಸುವುದು ಹೇಗೆ? ಆದ್ದರಿಂದ ರಕ್ತದ ಕೆಲಸ ಮೊದಲು ಮುಗಿಯಬೇಕು, ಆಮೇಲೆ ಮೈಮೇಲೆ ನೀರು ಬೀಳಬೇಕು. ಸೂಜಿ, ಸ್ನಾನ, ಪೂಜೆ, ಊಟ. ಲಿಂಗ ಕಟ್ಟಿದ ಮೈಗೆ ಎಂಥ ಮೈಲಿಗೆ, ನಮ್ಮ ಹಿರಿಯರು ಅದನ್ನೆಲ್ಲ ಒಪ್ಪಿದವರಲ್ಲ ಎಂದು ಅಪ್ಪ ಒಂದು ದಿನ ಹೇಳಿ ನೋಡಿದ. ಅವ್ವ ಅವನ ಮುಖ ನೋಡಿ, ನೀನು ಪೂಜೆಗೆ ಕೂತು ಎಷ್ಟು ದಿನವಾಯಿತು ಎಂದು ಕೇಳಿದಳು. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಗದ್ದೆಯ ಕಡೆ ಹೋದ.

ಆಗ ಇದರಿಂದ ತೊಂದರೆ ಇರಲಿಲ್ಲ. ಅವ್ವನ ಪೂಜೆ ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ಹಸುಗಳ ಹಾಲು ಕರೆಯಬೇಕು, ಡೈರಿಗೆ ಕಳಿಸಬೇಕು, ಗದ್ದೆಗೆ ಬಂದ ಆಳುಗಳಿಗೆ ಮುದ್ದೆ ಕಟ್ಟಬೇಕು. ಅದಕ್ಕಿಂತ ಹೆಚ್ಚು ಹೊತ್ತು ಅವಳಿಗೆ ಸಿಗುತ್ತಿರಲಿಲ್ಲ. ಆಮೇಲೆ ನಾನು ಮೈಸೂರಿನಲ್ಲಿ ಓದು ಮುಗಿಸಿ ಊರಿಗೆ ಬಂದೆ. ಯಳಂದೂರಿನ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಹೊರಡುವುದು ಒಂಬತ್ತೂವರೆಗೆ. ಬೆಳಗಿನ ಅಡುಗೆ, ಹಾಲು, ಕಸ ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಮದುವೆಯಾದ ಮೇಲೆ ಮೊದಲ ಸಲ ಅವ್ವನಿಗೆ ಬೆಳಿಗ್ಗೆ ಬಿಡುವು ಸಿಕ್ಕಿತು. ಆ ಬಿಡುವನ್ನೆಲ್ಲ ಅವಳು ಲಿಂಗಕ್ಕೆ ಕೊಟ್ಟಳು.

ಹಾಲಿನ ಅಳತೆ, ಬಸ್ಸು ಬಂದ ಹೊತ್ತು ಇಂಥವನ್ನೆಲ್ಲ ದಿನಾ ಬರೆದಿಡುವ ಅಭ್ಯಾಸ ನನಗಿದೆ. ಪೂಜೆ ಹಿಗ್ಗುತ್ತಿರುವುದು ಹೀಗೆ ಕಣ್ಣಿಗೆ ಬಿತ್ತು. ಶ್ರಾವಣದಲ್ಲಿ ಅದು ಅರ್ಧ ಗಂಟೆಯಾಗಿತ್ತು, ಮಹಾನವಮಿಯ ಹೊತ್ತಿಗೆ ಮುಕ್ಕಾಲು. ನೀರು, ವಿಭೂತಿ, ಪತ್ರೆ, ಹೂವು, ಧೂಪ ಇಷ್ಟೂ ಬೇಗ ಮುಗಿಯುತ್ತಿದ್ದವು. ಆಮೇಲಿನದೇ ಉದ್ದ. ಲಿಂಗವಿದ್ದ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ರೆಪ್ಪೆ ಬಡಿಯದೆ ನೋಡುತ್ತ ಕೂರುವುದು. ತುಟಿ ಮಾತ್ರ ಪಂಚಾಕ್ಷರಿ ಹೇಳುತ್ತಾ ಅಲುಗುತ್ತಿತ್ತು. ಅವಳನ್ನು ಹಾಗೆ ನೋಡಿದಾಗ ನನಗೆ ಸಂತೋಷವೇ ಆಗುತ್ತಿತ್ತು. ಅಷ್ಟು ವರ್ಷ ಒಲೆ ಮುಂದೆ ಅವಸರ ಮಾಡಿದವಳು ಕೊನೆಗೂ ನೆಮ್ಮದಿಯಾಗಿ ಒಂದು ಕಡೆ ಕೂತಿದ್ದಾಳೆ ಅನಿಸುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಪೂಜೆಯಿಂದ ಎದ್ದವಳ ಕೈ ನಡುಗುತ್ತಿತ್ತು. ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಮೈಯೆಲ್ಲ ಜುಮ್ಮೆಂದಿತು, ತಾನು ಹಗುರವಾದಂತಾಯಿತು ಎಂದಳು. ಇಡ್ಲಿ ತಿಂದಳು, ಸರಿಹೋಯಿತು. ಆ ವಾರವೇ ನಾನು ಬೆರಳು ಚುಚ್ಚಿ ಸಕ್ಕರೆ ನೋಡುವ ಮಿಷನ್ ತಂದೆ. ಇಷ್ಟಕ್ಕಿಂತ ಕೆಳಗೆ ಬಂದರೆ ಅಪಾಯ ಎಂದು ಔಷಧಿ ಅಂಗಡಿಯವನು ಎಪ್ಪತ್ತರ ಅಂಕಿ ತೋರಿಸಿದ. ಪೂಜೆಗೆ ಮೊದಲು ನೋಡಿದರೆ ಯಾವಾಗಲೂ ಹೆಚ್ಚೇ ಇರುತ್ತಿತ್ತು. ಪೂಜೆಯ ನಡುವೆ ನೋಡಲು ಸಾಧ್ಯವೇ ಇರಲಿಲ್ಲ.

ಮಾಘದಲ್ಲಿ ಕೌದಳ್ಳಿಯ ದೊಡ್ಡವ್ವನ ಹೊಸ ಮನೆಯ ಗೃಹಪ್ರವೇಶ. ನಾವು ಹಿಂದಿನ ದಿನವೇ ಹೋದೆವು. ಬಂದ ನೆಂಟರಿಗೆಲ್ಲ ಸೇರಿ ಬಚ್ಚಲು ಒಂದೇ. ಅವ್ವ ಎಂದಿನಂತೆ ಆರಕ್ಕೆ ಸೂಜಿ ಹಾಕಿಕೊಂಡು ಟವೆಲ್ ಹಿಡಿದು ಸಾಲಿನಲ್ಲಿ ನಿಂತಳು. ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ನನಗೆ ಅವಳ ಸರದಿ ಯಾವಾಗ ಬಂತೋ ಗೊತ್ತಾಗಲಿಲ್ಲ. ಒಳಗೆ ಬಂದಾಗ ಏಳೂಕಾಲು ಆಗಿತ್ತು. ಅವ್ವ ದೇವರ ಕೋಣೆಯಲ್ಲಿ ಆಗ ತಾನೇ ಮಣೆ ಹಾಕಿಕೊಂಡು ಕೂರುತ್ತಿದ್ದಳು.

ನಾನು ಬಾಗಿಲಲ್ಲಿ ನಿಂತೆ. ಏಳೂವರೆಯಾಯಿತು, ಎಂಟಾಯಿತು. ಹಾಲು ಉಕ್ಕಿಸಿ ಆಗಿತ್ತು, ನಡುಮನೆಯಲ್ಲಿ ಎಲೆ ಹಾಕುತ್ತಿದ್ದರು. ಅವ್ವನ ತುಟಿ ಅಲುಗುವುದು ನಿಂತಿತ್ತು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ಕಣ್ಣು ತೆರೆದೇ ಇತ್ತು. ಆ ಕಣ್ಣು ಲಿಂಗವನ್ನು ನೋಡುತ್ತಿಲ್ಲ, ಲಿಂಗ ಇರುವ ಕಡೆ ತಿರುಗಿದೆ ಅಷ್ಟೆ ಅನಿಸಿತು.

ಒಳಗೆ ಕಾಲಿಡುವಷ್ಟರಲ್ಲಿ ದೊಡ್ಡವ್ವ ನನ್ನ ರಟ್ಟೆ ಹಿಡಿದಳು. ಅವಳ ಹಿಂದೆ ನಾಲ್ಕೈದು ಹೆಂಗಸರು ಆಗಲೇ ಕೈ ಮುಗಿದು ನಿಂತಿದ್ದರು.

"ಮುಟ್ಟಬ್ಯಾಡ ಕನೆ," ದೊಡ್ಡವ್ವ ಪಿಸುಗುಟ್ಟಿದಳು. "ಈಗ ಅವ್ಳು ಇಲ್ಲಿಲ್ಲ."

"ಬೆವರು ನೋಡು ದೊಡ್ಡವ್ವ. ಶುಗರ್ ಇಳಿದದ."

"ನಿನ್ ಸುಗರು ಸಿವನ ಮುಂದ ಯಾವ ಲೆಕ್ಕ? ಸುಮ್ಕ ಕೂತ್ಕೊ."

ಹಿಂದಿದ್ದ ಮುದುಕಿಯೊಬ್ಬಳು, ತನಗೂ ದಿನಾ ಹೀಗೇ ಬೆವರು ಕಿತ್ತುಕೊಳ್ಳುತ್ತದೆ, ತನಗೆ ಮಾತ್ರ ಯಾರೂ ಕೈ ಮುಗಿಯುವುದಿಲ್ಲ ಎಂದಳು. ಒಬ್ಬರಿಬ್ಬರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ದೊಡ್ಡವ್ವ ತಿರುಗಿ ನೋಡಿದ್ದೇ ನಗು ನಿಂತಿತು.

ನಾನು ಕಿರುಚಬಹುದಿತ್ತು. ಅವ್ವನ ಭುಜ ಹಿಡಿದು ಅಲುಗಾಡಿಸಬಹುದಿತ್ತು. ಆದರೆ ಅಲುಗಾಡಿಸಿದರೆ ಲಿಂಗ ಬೀಳುತ್ತದೆ. ಸಕ್ಕರೆ ತಂದು ಬಾಯಿಗೆ ಹಾಕಿದರೆ ಅವಳು ಉಗಿಯುತ್ತಾಳೆ, ಲಿಂಗಕ್ಕೆ ಒಪ್ಪಿಸದ್ದನ್ನು ಅವಳ ನಾಲಿಗೆ ಒಳಗೆ ಬಿಡುವುದಿಲ್ಲ. ಅಡುಗೆಯವರ ಹತ್ತಿರ ಓಡಿ, ಪಾಯಸಕ್ಕೆ ಕುಟ್ಟಿಟ್ಟಿದ್ದ ಬೆಲ್ಲವನ್ನು ಒಂದು ಲೋಟ ನೀರಿಗೆ ಹಿಡಿಗಟ್ಟಲೆ ಹಾಕಿ ಕಲಸಿದೆ. ಪೂಜೆಯ ನೀರು ತಂದವಳ ಹಾಗೆ ದೊಡ್ಡವ್ವನ ಪಕ್ಕದಿಂದಲೇ ನುಗ್ಗಿದೆ. ಅವ್ವನ ಅಂಗೈ ಕೆಳಗೆ ಬಟ್ಟಲು ಹಿಡಿದು ಆ ನೀರನ್ನು ಲಿಂಗದ ಮೇಲೆ ಹನಿಹನಿಯಾಗಿ ಬಿಟ್ಟೆ. ಅವಸರಕ್ಕೆ ಅರ್ಧ ಅವಳ ಸೀರೆಯ ಮೇಲೆ ಬಿತ್ತು. ಬಟ್ಟಲಲ್ಲಿ ಕೂಡಿದ್ದನ್ನು ಅವಳ ತುಟಿಗೆ ಹಿಡಿದು, ತೀರ್ಥ ಅವ್ವ, ಎಂದೆ.

ಅವಳ ಕಣ್ಣು ಕದಲಲಿಲ್ಲ. ಬಾಯಿ ತೆರೆಯಿತು. ಮೂವತ್ತು ವರ್ಷ ದಿನವೂ ಆ ಮಾತಿಗೆ ತೆರೆದ ಬಾಯಿ ಅದು. ಗುಟುಕು ಗುಟುಕಾಗಿ ಅಷ್ಟನ್ನೂ ಕುಡಿದಳು.

ಸ್ವಲ್ಪ ಹೊತ್ತಾದ ಮೇಲೆ ಅವಳ ರೆಪ್ಪೆ ಬಡಿಯಿತು. ಸುತ್ತ ನೋಡಿದಳು. ತಾನು ಯಾರ ಮನೆಯಲ್ಲಿದ್ದೇನೆ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳ ಮುಖದಲ್ಲಿ ನಾನು ಯಾವತ್ತೂ ನೋಡದ ನಗು ಬಂತು. ಏನು ಕಂಡಿತು ಎಂದು ದೊಡ್ಡವ್ವ ಕೇಳಿದಳು. ಬೆಳಕು ಎಂದಳು ಅವ್ವ. ಲಿಂಗ ಕಪ್ಪಗಿರಲಿಲ್ಲ, ಅದರ ಸುತ್ತ ಬೆಳಕಿತ್ತು, ತನ್ನ ಕೈಯೂ ಆ ಬೆಳಕಿನೊಳಗೆ ಕರಗಿಹೋಗಿತ್ತು ಎಂದಳು. ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಅವಳ ಕಾಲು ಮುಟ್ಟಿದರು. ತಮಾಷೆ ಮಾಡಿದ್ದ ಮುದುಕಿಯೂ ಮುಟ್ಟಿದಳು.

ಹಿತ್ತಲಿಗೆ ಕರೆದುಕೊಂಡು ಹೋಗಿ ಬೆರಳು ಚುಚ್ಚಿದೆ. ಅಷ್ಟು ಬೆಲ್ಲ ಹೊಟ್ಟೆಗೆ ಹೋದ ಮೇಲೂ ನಲವತ್ತೆಂಟು ತೋರಿಸಿತು. ಅಪ್ಪ ಆ ಅಂಕಿ ನೋಡಿ ಪಕ್ಕದ ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟ. ಎದುರು ಕುಳಿತು ಎರಡು ಲೋಟ ಪಾಯಸ, ಅನ್ನ ತಿನ್ನಿಸಿದೆವು. ಮಧ್ಯಾಹ್ನ ಹನೂರಿಗೆ ಬಂದು ಅಲ್ಲಿಂದ ಬಸ್ಸು ಹಿಡಿದು ಕೊಳ್ಳೇಗಾಲದ ಡಾಕ್ಟರ ಹತ್ತಿರ ಹೋದೆವು. ಇನ್ನು ಮುಂದೆ ತಟ್ಟೆ ಎದುರಿಗೆ ಬಂದ ಮೇಲೆಯೇ ಸೂಜಿ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಒಂದು ದಿನ ಎಚ್ಚರವಾಗುವುದೇ ಇಲ್ಲ ಎಂದು ಅವರು ಹೇಳಿದರು. ಅವ್ವ ಮತ್ತೆ ಎರಡು ಸಲ ತಲೆ ಆಡಿಸಿದಳು. ಊರಿಗೆ ಬರುವ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ಕೂತವಳು, ಆ ಡಾಕ್ಟರಿಗೆ ಬೆಳಕಿನ ವಿಷಯ ಹೇಳಬೇಕಾಗಿತ್ತಾ ಎಂದು ಕೇಳಿದಳು. ಅದು ಸಕ್ಕರೆ ಇಳಿದದ್ದರಿಂದ ಕಂಡದ್ದು ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಸುದ್ದಿ ನಮಗಿಂತ ಮೊದಲೇ ಹೊನ್ನೂರಿಗೆ ಬಂದಿತ್ತು. ದೊಡ್ಡವ್ವ ಫೋನಿನಲ್ಲಿ ಎಲ್ಲರಿಗೂ ಹೇಳಿದ್ದಳು. ಮಕ್ಕಳಾಗದವಳೊಬ್ಬಳು, ಕೋರ್ಟಿನ ತೀರ್ಪು ಬರಬೇಕಾಗಿದ್ದವಳೊಬ್ಬಳು ಅವ್ವನ ಪೂಜೆಯ ತೀರ್ಥ ಕೇಳಿಕೊಂಡು ಬಂದರು. ಅವ್ವ ನಾಚಿಕೊಂಡಳು, ಆದರೆ ಕೊಟ್ಟಳು. ಅವಳನ್ನು ಅದುವರೆಗೆ ಯಾರೂ ಹಾಗೆ ಹುಡುಕಿಕೊಂಡು ಬಂದಿರಲಿಲ್ಲ. ಡಾಕ್ಟರು ಹೇಳಿದಂತೆ ಪೂಜೆಯಾದ ಮೇಲೆ ಸೂಜಿ ಹಾಕಿಕೊಂಡಳು. ರಕ್ತದ ಮಾತೇ ಎತ್ತಲಿಲ್ಲ. ನನ್ನ ಎದೆ ಸ್ವಲ್ಪ ಹಗುರವಾಯಿತು. ಪೂಜೆ ಒಂದು ಗಂಟೆ ದಾಟಿದರೂ ಸರಿ, ಹಸಿವಾದೀತು ಅಷ್ಟೇ, ಅಪಾಯವಿಲ್ಲ ಅಂದುಕೊಂಡೆ.

ಆದರೆ ಪೂಜೆಯಿಂದ ಎದ್ದು ಬರುವವಳ ಮುಖ ದಿನದಿಂದ ದಿನಕ್ಕೆ ಬಾಡುತ್ತಿತ್ತು. ಏನಾಯಿತು ಎಂದರೆ ಏನೂ ಇಲ್ಲ ಎನ್ನುತ್ತಿದ್ದಳು. ಒಂದು ದಿನ ಮಾತ್ರ, ಬರೀ ಕಲ್ಲು ಕಾಣುತ್ತದೆ ಎಂದಳು. ದನಿಯಲ್ಲಿ ಅಳು ಇತ್ತು.

ಶಿವರಾತ್ರಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಬಚ್ಚಲು ಒಲೆಗೆ ತೆಂಗಿನ ಗರಿ ತುರುಕುತ್ತಿದ್ದೆ. ಅವ್ವ ಬಳಸಿದ ಸಿರಿಂಜುಗಳನ್ನು ದಿನಾ ಅಲ್ಲೇ ಗೂಡಿನಲ್ಲಿ ಒಂದು ಡಬ್ಬಿಯಲ್ಲಿ ಹಾಕುತ್ತಿದ್ದಳು. ಡಬ್ಬಿಯ ಮೇಲುಗಡೆ ಒಂದು ಸಿರಿಂಜು ಇತ್ತು. ಅದರ ಕೊಳವೆಯೊಳಗೆ ಇನ್ನೂ ಒಂದು ಹನಿ ಹಸಿಯಾಗಿತ್ತು. ಅವ್ವ ಆಗ ಸ್ನಾನ ಮುಗಿಸಿ ದೇವರ ಮುಂದೆ ಕೂತಿದ್ದಳು. ಪೂಜೆ ಇನ್ನೂ ಶುರುವಾಗಿರಲಿಲ್ಲ.

ನಾನು ಆ ಡಬ್ಬಿ ಹಿಡಿದುಕೊಂಡು ಒಲೆಯ ಮುಂದೆ ಕೂತೆ. ಮರೆತು ಹಾಕಿಕೊಂಡಳೇ? ಹಳೆಯ ಅಭ್ಯಾಸವೇ? ಅಥವಾ ಗೊತ್ತಿದ್ದೂ ಹಾಕಿಕೊಂಡಳೇ? ಮೂರನೆಯ ಪ್ರಶ್ನೆಯನ್ನು ನನ್ನೊಳಗೇ ಪೂರ್ತಿ ಕೇಳಿಕೊಳ್ಳಲು ಧೈರ್ಯ ಸಾಲಲಿಲ್ಲ. ಅವಳ ಬಳಿ ಕೇಳಲೂ ಇಲ್ಲ. ಕೇಳಿದರೆ ಹೌದು ಎಂದುಬಿಟ್ಟಾಳು ಎಂಬ ಹೆದರಿಕೆ. ಪೂಜೆ ಅವತ್ತು ಬೇಗ ಮುಗಿಯಿತು, ಏನೂ ಆಗಲಿಲ್ಲ. ಅವ್ವ ಸಪ್ಪಗೆ ಎದ್ದು ಬಂದಳು.

ಮಾರನೆಯ ದಿನದಿಂದ ನಾನು ದೇವರ ಕೋಣೆಯ ಹೊಸಲಿನ ಹತ್ತಿರ ಕೂತು ಸೊಪ್ಪು ಬಿಡಿಸಲು, ಅಕ್ಕಿ ಆರಿಸಲು ಶುರು ಮಾಡಿದೆ. ಅವ್ವ ಲಿಂಗವನ್ನು ನೋಡುತ್ತಿದ್ದಳು, ನಾನು ಅವ್ವನನ್ನು. ತುಟಿ ಅಲುಗುತ್ತಿದೆಯೇ? ಹಣೆ ಒಣಗಿದೆಯೇ? ಅಂಗೈ ಸಮವಾಗಿದೆಯೇ? ಅಷ್ಟು ಹೊತ್ತು ಒಂದೇ ಮುಖವನ್ನು ಬಿಡದೆ ನೋಡಿದ್ದು ಬದುಕಿನಲ್ಲಿ ಅದೇ ಮೊದಲು. ಬಲಗಣ್ಣಿನ ಕೆಳಗೆ ಅವಳಿಗೊಂದು ಸಣ್ಣ ಮಚ್ಚೆ ಇದೆ ಎಂಬುದು ನನ್ನ ಇಪ್ಪತ್ತಮೂರನೆಯ ವರ್ಷಕ್ಕೆ ಗೊತ್ತಾಯಿತು. ಅಂಗಡಿಯಲ್ಲಿ ಕೂತಾಗಲೂ ಆ ಮುಖ ಕಣ್ಣ ಮುಂದೆ ಬರುತ್ತಿತ್ತು. ಗೊಬ್ಬರದ ಚೀಟಿಯಲ್ಲಿ ಎರಡು ಸಲ ತಪ್ಪು ಬರೆದೆ.

ಅದು ನಡೆದದ್ದು ಯುಗಾದಿಗೆ ಮೂರು ದಿನ ಇರುವಾಗ. ಮೊರದಲ್ಲಿ ಅಕ್ಕಿ ಇತ್ತು. ಏಳೂಮುಕ್ಕಾಲಿಗೆ ಅವ್ವನ ತುಟಿ ನಿಂತಿತು. ನಾನು ಎದ್ದೆ. ಅವ್ವ ಎಂದು ಕರೆದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಂಗೈ ನಿಧಾನವಾಗಿ ಒಂದು ಕಡೆಗೆ ವಾಲತೊಡಗಿತು. ಅವಸರವೇ ಇಲ್ಲದ ವಾಲುವಿಕೆ ಅದು, ನಿದ್ದೆ ಹೋದ ಕೂಸಿನ ಕೈ ವಾಲಿದ ಹಾಗೆ. ನಾನು ಮೊಣಕಾಲೂರಿ ಎರಡೂ ಕೈಯನ್ನು ಅವಳ ಕೈ ಕೆಳಗೆ ಒಡ್ಡಿದೆ. ಲಿಂಗ ನನ್ನ ಅಂಗೈಗೆ ಬಂದು ಬಿತ್ತು. ಒದ್ದೆಯಾಗಿತ್ತು, ಅವಳ ಕೈಯ ಬಿಸಿ ಅದರಲ್ಲಿತ್ತು. ಅದರ ಹಿಂದೆಯೇ ಅವ್ವ ನನ್ನ ಮೇಲೆ ಒರಗಿದಳು.

ಅಪ್ಪನನ್ನು ಹೇಗೆ ಕೂಗಿದೆನೋ ಗೊತ್ತಿಲ್ಲ. ಕೊಟ್ಟಿಗೆಯಿಂದ ಅವನು ಓಡಿಬಂದ. ನೈವೇದ್ಯಕ್ಕೆ ಇಟ್ಟಿದ್ದ ಬೆಲ್ಲವನ್ನು ಅವ್ವನ ಕೆನ್ನೆಯ ಒಳಗೆ ತೀಡಿದೆ. ಈ ಸಲ ತೀರ್ಥ ಎಂದಾಗ ಬಾಯಿ ತೆರೆಯಲಿಲ್ಲ. ಹಲ್ಲು ಕಚ್ಚಿಕೊಂಡಿತ್ತು. ಅಪ್ಪ ಬೀದಿಯಲ್ಲಿದ್ದ ಆಟೋ ನಿಲ್ಲಿಸಿ ಅವಳನ್ನು ಎತ್ತಿ ಮಲಗಿಸಿದ. ಲಿಂಗ ನನ್ನ ಎಡಗೈ ಮುಷ್ಟಿಯಲ್ಲೇ ಇತ್ತು. ಅದನ್ನು ಕರಡಿಗೆಗೆ ಹಾಕಲು ಇನ್ನೊಂದು ಕೈ ಬೇಕು, ಆ ಕೈಯಲ್ಲಿ ಅವ್ವನ ತಲೆ ಇತ್ತು. ಮೈಯಿಂದ ದೂರವಾಗಬಾರದು ಎಂಬ ಒಂದೇ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಮುಷ್ಟಿಯನ್ನು ಅವಳ ಎದೆಯ ಮೇಲೆ ಒತ್ತಿಟ್ಟೆ. ಅದರ ಕೆಳಗೆ ಎದೆ ಬಡಿಯುವುದು ತಿಳಿಯುತ್ತಿತ್ತು. ಯಳಂದೂರಿನ ತನಕ ಕೈ ತೆಗೆಯಲಿಲ್ಲ. ಕೈ ತೆಗೆದರೆ ಬಡಿತ ನಿಂತುಹೋಗುತ್ತದೆ ಎಂದು ನಿಜವಾಗಿಯೂ ನಂಬಿದ್ದೆ. ಅಪ್ಪ ಡ್ರೈವರ್ ಪಕ್ಕದಲ್ಲಿ ಕೂತು ಪಂಚಾಕ್ಷರಿ ಹೇಳುತ್ತಿದ್ದ. ಅವನ ಬಾಯಲ್ಲಿ ನಾನು ಅದನ್ನು ಕೇಳಿದ್ದು ಅವತ್ತೇ ಮೊದಲು.

ಆಸ್ಪತ್ರೆಯಲ್ಲಿ ನರ್ಸು ಮೊದಲು ಬೆರಳು ಚುಚ್ಚಿದರು. ಇಪ್ಪತ್ತಾರು. ಗ್ಲೂಕೋಸ್ ಏರಿಸಿದರು. ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಎಂದು ಡಾಕ್ಟರು ಶುರು ಮಾಡಿ, ನನ್ನ ಮುಖ ನೋಡಿ ಗ್ಲೂಕೋಸ್ ಬಾಟಲಿಯ ಕಡೆ ತಿರುಗಿದರು. ನಾನು ಗೋಡೆಗೆ ಆನಿಕೊಂಡು ಮುಷ್ಟಿ ಬಿಚ್ಚಿದೆ. ಅಂಗೈಯಲ್ಲಿ ದುಂಡನೆಯ ಕೆಂಪು ಗುರುತು ಮೂಡಿತ್ತು. ಲಿಂಗವನ್ನು ಕರಡಿಗೆಯಲ್ಲಿಟ್ಟು ಅವಳ ಕೊರಳ ದಾರವನ್ನು ಸರಿಮಾಡಿದೆ.

ಅವ್ವ ಕಣ್ಣು ಬಿಟ್ಟಾಗ ಅವಳ ಕೈ ಮೊದಲು ಎದೆಗೆ ಹೋಯಿತು. ಕರಡಿಗೆ ಸಿಕ್ಕಿತು. ಆಮೇಲೆ ನನ್ನನ್ನು ನೋಡಿದಳು. ಅಪ್ಪ ಔಷಧಿ ತರಲು ಹೋಗಿದ್ದ. ಇಷ್ಟು ದಿನ ಕೇಳದೆ ಬಿಟ್ಟದ್ದನ್ನು ಆಗ ಕೇಳಿದೆ.

"ಮೊದ್ಲೇ ಸೂಜಿ ಹಾಕ್ಕಂಡ್ರ ಇಂಗಾಯ್ತದ ಅಂತ ನಿಂಗ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಹಾಕ್ಕಂಡ್ಯಾ?"

ಅವಳು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು.

"ಮೂವತ್ ವರ್ಸ ನಾನು ಅದ ನೋಡ್ದಿ ಕೂಸೇ. ಕೌದಳ್ಳೀಲಿ ಅದು ನನ್ನ ನೋಡ್ತು. ಒಂದ್ಸಲ ಅಂಗಾದ ಮ್ಯಾಲ ಸುಮ್ನಿರಕಾದದಾ ನೀನೇ ಯೋಳು."

ಅದು ಸಕ್ಕರೆ ಎಂದು ಮತ್ತೆ ಹೇಳಿ ಪ್ರಯೋಜನವಿರಲಿಲ್ಲ. ಅವಳಿಗೆ ಅದೂ ಗೊತ್ತಿತ್ತು. ಅವತ್ತು ಅವಳಿಗೆ ಏನು ಕಂಡಿತೋ ನಾನು ಕಂಡವಳಲ್ಲ. ನಾನು ಕಂಡದ್ದು ಕರಗಿ ಇಳಿಯುತ್ತಿದ್ದ ವಿಭೂತಿಯನ್ನು ಮಾತ್ರ. ಹೇಳಬೇಕಾದ್ದು ಒಂದೇ ಇತ್ತು. ಹೇಳಿದೆ.

"ನಂಗ ದಿನಾಲೂ ಎದ್ರಿಕ ಆಯ್ತದ ಅವ್ವ. ಬೆಳಗಾದ್ರ ಸಾಕು ಎದ್ರಿಕ."

ಅವ್ವ ನನ್ನ ಕೈ ಹಿಡಿದಳು. ಅಂಗೈಯ ಕೆಂಪು ಗುರುತು ಅವಳ ಕಣ್ಣಿಗೆ ಬಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಲಿಂಗ ಬಿತ್ತೇ ಎಂದು ಕೇಳಿದಳು. ನೆಲಕ್ಕೆ ಬೀಳಲಿಲ್ಲ, ನನ್ನ ಕೈಗೆ ಬಂತು ಎಂದೆ. ಅವಳು ಕಣ್ಣು ಮುಚ್ಚಿದಳು. ನಿದ್ದೆ ಹೋದಳು ಅಂದುಕೊಂಡೆ. ಆಮೇಲೆ ತೀರಾ ಸಣ್ಣ ದನಿಯಲ್ಲಿ ಮಾತಾಡಿದಳು.

"ಇವತ್ತು ಬೆಳಕೂ ಇಲ್ಲ, ಏನೂ ಇಲ್ಲ. ಕೈಲಿ ಲಿಂಗ ಅದ ಅನ್ನದೇ ಮರ್ತೋಯ್ತು ನಂಗ. ನಿನ್ನ ಎತ್ತ ಮಾರ್ನೆ ದಿನ್ವೂ ಮರ್ತಿರ್ನಿಲ್ಲ. ನೆಪ್ಪಿಲ್ದಿದ್ ಮ್ಯಾಲ ಅದ್ಯಾತರ ಪೂಜ?" ಎಂದಳು.

ಆ ಮಾತಿನ ಮೇಲೆ ಅವಳು ಅಳಲಿಲ್ಲ, ನಾನು ಅತ್ತೆ. ಅವಳ ಸೆರಗಿನಲ್ಲೇ ಮುಖ ಒರೆಸಿಕೊಂಡೆ. ಪಕ್ಕದ ಮಂಚದಲ್ಲಿದ್ದ ಹೆಂಗಸು ನಮ್ಮನ್ನು ನೋಡಿ, ಇಬ್ಬರಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದಳು.

ಮನೆಗೆ ಬಂದ ದಿನ ಅವ್ವ ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಬಾಟಲಿ, ಸಿರಿಂಜಿನ ಪೊಟ್ಟಣ ಎಲ್ಲ ತೆಗೆದು ನನ್ನ ಕೈಗೆ ಕೊಟ್ಟಳು. ಎಲ್ಲಿಡುತ್ತೀಯೋ ನನಗೆ ಹೇಳಬೇಡ ಎಂದಳು. ಈಗ ಪೂಜೆ ಮುಗಿದು, ತೀರ್ಥ ಪ್ರಸಾದವಾಗಿ, ತಟ್ಟೆಯಲ್ಲಿ ದೋಸೆಯೋ ರೊಟ್ಟಿಯೋ ಬಿದ್ದ ಮೇಲೆ ನಾನೇ ಸೂಜಿ ಹಾಕುತ್ತೇನೆ. ಆ ಒಂದು ಹನಿ ರಕ್ತವನ್ನು ಅವಳು ವಿಭೂತಿ ಹಚ್ಚಿದ ಬೆರಳಿನಿಂದಲೇ ಒರೆಸಿಕೊಳ್ಳುತ್ತಾಳೆ. ದೊಡ್ಡವ್ವನಿಗೆ ಇದು ಇಷ್ಟವಿಲ್ಲ. ಬಂದಿದ್ದ ಭಾಗ್ಯವನ್ನು ಮಗಳು ಕಳೆದಳು ಎಂದು ಕೌದಳ್ಳಿಯಲ್ಲಿ ಹೇಳುತ್ತಾಳಂತೆ. ತೀರ್ಥ ಕೇಳಿಕೊಂಡು ಬರುವವರು ಕಡಿಮೆಯಾಗಿ ಆಮೇಲೆ ನಿಂತೇಹೋದರು. ಅವ್ವ ಅದರ ಬಗ್ಗೆ ಏನೂ ಅನ್ನುವುದಿಲ್ಲ. ಬೆಳಕಿನ ಬಗ್ಗೆಯೂ ಅನ್ನುವುದಿಲ್ಲ. ಬರೀ ಕಲ್ಲೇ ಕಾಣುತ್ತದೋ ಏನೋ. ಪೂಜೆ ಮಾತ್ರ ಒಂದು ದಿನವೂ ತಪ್ಪಿಲ್ಲ.

ಇಷ್ಟಾದರೂ ನನ್ನ ಹೆದರಿಕೆ ಹೋಗಲಿಲ್ಲ. ಪೂಜೆಗೆ ಮೊದಲು ಸೂಜಿ ಇಲ್ಲ, ಸಕ್ಕರೆ ಇಳಿಯುವುದಿಲ್ಲ ಎಂದು ನನಗೆ ಗೊತ್ತು. ಆದರೂ ಅವಳ ತುಟಿ ನಿಂತರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೊಸಲಿಗೆ ಬಂದು ನಿಲ್ಲುತ್ತೇನೆ. ಒಂದು ದಿನ ಹಾಗೆ ನಿಂತಿದ್ದಾಗ ಒಲೆ ಮೇಲಿನ ಹಾಲು ಸೀದುಹೋಯಿತು. ಪೂಜೆ ಮುಗಿಸಿ ಬಂದ ಅವ್ವ ಕರಿಹಿಡಿದ ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. ಇನ್ನು ಮೇಲೆ ನಡುವೆ ನಡುವೆ ಕೂಗು, ನಾನು ಊಂ ಅನ್ನುತ್ತೇನೆ ಎಂದಳು. ಲಿಂಗ ಕೈಯಲ್ಲಿರುವಾಗಲೇ ಎಂದು ಕೇಳಿದೆ. ಹೂಂ, ಆಗಲೇ ಎಂದಳು. ಅವಳ ನಿಯಮವನ್ನು ಅವಳೇ ಮುರಿದದ್ದು ನನಗಾಗಿ.

ಮೊದಲ ದಿನ ಹೊಸಲಿಗೆ ಬಂದು ಮೆಲ್ಲಗೆ ಕರೆದೆ. ಈಗ ಅಭ್ಯಾಸವಾಗಿದೆ. ಅಡುಗೆಮನೆಯಿಂದಲೇ ಅವ್ವ ಎನ್ನುತ್ತೇನೆ. ಪಂಚಾಕ್ಷರಿಯ ನಡುವಿನಿಂದ ಊಂ ಎಂಬ ದನಿ ಬರುತ್ತದೆ. ಹಿಟ್ಟು ಕಲಸುತ್ತೇನೆ. ಮತ್ತೆ ಅವ್ವ ಎನ್ನುತ್ತೇನೆ.

ಇವತ್ತು ಬೆಳಿಗ್ಗೆ ಕೂಗಿದಾಗ ಉತ್ತರ ಬರಲಿಲ್ಲ. ಲಟ್ಟಣಿಗೆ ಕೈಯಲ್ಲಿ ಹಿಡಿದೇ ಓಡಿದೆ. ಅವ್ವ ನೆಟ್ಟಗೆ ಕೂತಿದ್ದಳು. ಹಣೆ ಒಣಗಿತ್ತು, ವಿಭೂತಿಯ ಮೂರು ಗೆರೆ ಹಾಗೇ ಇತ್ತು. ಅಂಗೈ ಸಮವಾಗಿತ್ತು, ಕಣ್ಣು ಲಿಂಗದ ಮೇಲಿತ್ತು, ತುಟಿ ಅಲುಗುತ್ತಿರಲಿಲ್ಲ. ನಾನು ಇನ್ನೊಮ್ಮೆ ಕರೆದೆ. ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು.

"ಇದೀನಿ ಕನೆ," ಎಂದಳು ಅವ್ವ, ಲಿಂಗದಿಂದ ಕಣ್ಣು ಕೀಳದೆ. "ಓಗು, ರೊಟ್ಟಿ ನೋಡು."